ಮ್ಯಾಗ್ನೆಟ್ ಅಂಟದ ತಗಡು

ಬೆಂಗಳೂರಿನ ವಿಮಾನಪುರದಲ್ಲಿ ವಿಮಾನದ ಶೀಟ್ ಮೆಟಲ್ ಫಿಟರ್ ಆಗಿದ್ದವನು ನಾನು. ನಿವೃತ್ತಿಯಾದ ಮೇಲೆ ಹಲಸೂರಿನಲ್ಲಿ ತಮ್ಮನ ಟಿಂಕರಿಂಗ್ ಶೆಡ್ಡಿಗೆ ಹೋಗಿ ಬರುತ್ತೇನೆ. ಅಲ್ಲಿ ಹೊಸದಾಗಿ ಸೇರುವ ಹುಡುಗರೆಲ್ಲ ಕೇಳುವುದು ಒಂದೇ: "ಸಾರ್, ವಿಮಾನಕ್ಕೆ ಅಲ್ಯೂಮಿನಿಯಂ, ಕಾರಿಗೆ ಮಾತ್ರ ಕಬ್ಬಿಣದ ತಗಡು, ಯಾಕೆ?" ಉದ್ಯಮಿ ವಾಲ್‌ಚಂದ್ ಹೀರಾಚಂದ್ 1940ರಲ್ಲಿ ಮೈಸೂರು ಸರ್ಕಾರದ ಜೊತೆಗೂಡಿ ಇಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಎಂಬ ವಿಮಾನ ಕಾರ್ಖಾನೆ ಕಟ್ಟಿದರು, 1944ರಲ್ಲಿ ಮುಂಬೈಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಎಂಬ ಕಾರು ಕಾರ್ಖಾನೆ ಶುರುಮಾಡಿದರು. ಮಾಲೀಕರು ಒಬ್ಬರೇ ಆದರೂ ಲೋಹ ಬೇರೆ ಬೇರೆಯೇ ಆಗಬೇಕಾಯಿತು. ಹುಡುಗರಿಗೆ ನಾನು ಹೇಳುವುದು ಇಷ್ಟು.

1. ತಗಡಿನ ದಪ್ಪ ನೋಡಿ. ಅಲ್ಯೂಮಿನಿಯಂ ತೂಗುವುದು ಉಕ್ಕಿನ ಮೂರನೇ ಒಂದು ಭಾಗ. ಅಷ್ಟೇ ಬಲದಿಂದ ಎಳೆದರೆ ಅದು ಮೂರು ಪಟ್ಟು ಹಿಗ್ಗುತ್ತದೆ ಕೂಡ. ಹಾಗಿದ್ದರೆ ಲಾಭವೆಲ್ಲಿ? ಒಂದು ಮಿ.ಮೀ. ಉಕ್ಕಿನ ತಗಡಿನ ತೂಕಕ್ಕೆ ಸುಮಾರು 2.8 ಮಿ.ಮೀ. ಅಲ್ಯೂಮಿನಿಯಂ ಸಿಗುತ್ತದೆ. ತಗಡು ಎರಡರಷ್ಟು ದಪ್ಪವಾದರೆ ಬಾಗದೆ ನಿಲ್ಲುವ ಶಕ್ತಿ ಎಂಟರಷ್ಟಾಗುತ್ತದೆ. ಈ ಲೆಕ್ಕದಲ್ಲಿ, ಅದೇ ತೂಕದ ಅಲ್ಯೂಮಿನಿಯಂ ಏಳೆಂಟು ಪಟ್ಟು ಬಿಗಿಯಾಗಿರುತ್ತದೆ. ರೆಕ್ಕೆಯ ಮೇಲ್ತಗಡು ಹಾರುವಾಗ ಒತ್ತಡಕ್ಕೆ ಸಿಕ್ಕಿ ಸುಕ್ಕಾಗಬಾರದು. ಅದಕ್ಕೆ ಬೇಕಾದದ್ದು ಈ ಬಿಗಿಯೇ.

2. ವಿಮಾನದ ಅಲ್ಯೂಮಿನಿಯಂ ಎಂದರೆ ಪಾತ್ರೆ ಅಂಗಡಿಯದಲ್ಲ. ಶುದ್ಧ ಅಲ್ಯೂಮಿನಿಯಂ ತೀರ ಮೆದು. ತಾಮ್ರ ಬೆರೆಸಿ, ಕಾಯಿಸಿ, ತಣಿಸಿ ಹಾಗೇ ಬಿಟ್ಟರೆ ತಾನಾಗಿ ಗಟ್ಟಿಯಾಗುತ್ತದೆಂದು ಜರ್ಮನಿಯ ಆಲ್ಫ್ರೆಡ್ ವಿಲ್ಮ್ 1906ರಲ್ಲಿ ಕಂಡುಕೊಂಡ. ಇದನ್ನು ಕಣ್ಣಾರೆ ನೋಡಬೇಕೆಂದರೆ 2024 ಎಂಬ ನಂಬರಿನ ಅಲಾಯ್‌ನ ರಿವೆಟ್ ನೋಡಬೇಕು. ಸುಮಾರು 495 ಡಿಗ್ರಿಗೆ ಕಾಯಿಸಿ, ನೀರಿಗೆ ಹಾಕಿ, ತಕ್ಷಣ ಫ್ರೀಜರಿನಲ್ಲಿ ಇಡುತ್ತಾರೆ. ಚಳಿಯಲ್ಲಿ ಇರುವಷ್ಟು ಹೊತ್ತು ಅದು ಮೆದು. ಹೊರಗೆ ತೆಗೆದ ಮೇಲೆ ನಿಗದಿತ ಹೊತ್ತಿನೊಳಗೆ, ಹಿಂದೆ ಬಕಿಂಗ್ ಬಾರ್ ಎಂಬ ಲೋಹದ ಗಟ್ಟಿ ಒತ್ತಿ ಹಿಡಿದು ಹೊಡೆದು ಮುಗಿಸಬೇಕು. ತಡಮಾಡಿ ಹೊಡೆದರೆ ರಿವೆಟ್ಟಿನ ತಲೆ ಬಿರಿಯುತ್ತದೆ. ಒಂದು ಲೋಹ ಹೀಗೆ ಕೈಯಲ್ಲೇ ಸ್ವಭಾವ ಬದಲಿಸುವುದನ್ನು ನೋಡುವ ಭಾಗ್ಯ ಎಲ್ಲ ಕಸುಬಿನಲ್ಲೂ ಇಲ್ಲ.

3. ಜೋಡಿಸುವ ಖರ್ಚು ಮರೆಯಬೇಡಿ. ಕಾರಿನ ಮೈಗೆ ಸಾವಿರಾರು ಸ್ಪಾಟ್ ವೆಲ್ಡ್. ರೋಬೋಗೆ ಒಂದೊಂದೂ ಕ್ಷಣದ ಕೆಲಸ. ವಿಮಾನದ 2024, 7075ರಂಥ ಅಲಾಯ್‌ಗಳನ್ನು ಮಾಮೂಲಿ ವೆಲ್ಡಿಂಗ್ ಮಾಡಿದರೆ ಬಿರುಕು ಬಿಡುತ್ತವೆ. ಹಾಗಾಗಿ ತೂತು ಕೊರೆದು, ಅಂಚು ಸವರಿ, ಒಂದೊಂದೇ ರಿವೆಟ್ ಹೊಡೆಯಬೇಕು. ಕಾರಿನ ಬೆಲೆ ಈ ಕೂಲಿಯನ್ನು ತಾಳುವುದಿಲ್ಲ. ಇನ್ನು ಉಕ್ಕಾದರೆ ಗುದ್ದಿದಾಗ ಮಡಚಿಕೊಂಡು ಒಳಗಿದ್ದವರನ್ನು ಉಳಿಸುತ್ತದೆ, ಶಿವಾಜಿನಗರದ ಗುಜರಿಯಲ್ಲಿ ಹಳೇ ಡೋರ್ ಸಿಗುತ್ತದೆ, ಸಂಜೆಯೊಳಗೆ ಗಾಡಿ ರಸ್ತೆಗಿಳಿಯುತ್ತದೆ. ಬಡ ಟ್ಯಾಕ್ಸಿಯವನಿಗೆ ಇದಕ್ಕಿಂತ ದೊಡ್ಡ ಗುಣ ಯಾವುದು?

4. ಅಲ್ಯೂಮಿನಿಯಂ ದಣಿಯುತ್ತದೆ. ಒಂದು ಮಿತಿಯೊಳಗಿನ ಭಾರವನ್ನು ಉಕ್ಕು ಎಷ್ಟು ಸಲ ಹೊತ್ತರೂ ದಣಿಯುವುದಿಲ್ಲ. ಅಲ್ಯೂಮಿನಿಯಂಗೆ ಅಂಥ ಮಿತಿ ಇಲ್ಲ. ಸಣ್ಣ ಭಾರವೂ ಲಕ್ಷಾಂತರ ಸಲ ಬಿದ್ದರೆ ಬಿರುಕು ಹುಟ್ಟಬಹುದು. 1954ರಲ್ಲಿ ಎರಡು ಕಾಮೆಟ್ ವಿಮಾನಗಳು ಆಕಾಶದಲ್ಲೇ ಒಡೆದದ್ದು ಇಂಥ ದಣಿವಿನಿಂದ. ವಿಮಾನದ ಪ್ರತಿ ಗಂಟೆಯ ಲೆಕ್ಕ ಬರೆದಿಡುವುದು, ಬಿರುಕು ಹುಡುಕುವುದು ಇದಕ್ಕಾಗಿ. ಬಿರುಕಷ್ಟೇ ಅಲ್ಲ, ಕೊರೆತದ ಭಯವೂ ಇದೆ: ತಗಡಿನ ಮೇಲೆ ಸೀಸದ ಕಡ್ಡಿಯಿಂದ ಗೆರೆ ಹಾಕುವಂತಿಲ್ಲ; ಗ್ರಾಫೈಟ್ ಉಳಿದ ಕಡೆ ಲೋಹ ತಿಂದುಹೋಗುತ್ತದೆ. ಟಿಂಕರ್ ಅಂಗಡಿಯಲ್ಲಿ ಇಷ್ಟು ನಿಗಾ ಇಡುವವರು ಯಾರು?

5. ವಿಮಾನವೆಲ್ಲ ಅಲ್ಯೂಮಿನಿಯಂ ಅಲ್ಲ. ಇಳಿಯುವಾಗಿನ ಪೆಟ್ಟು ತಿನ್ನುವ ಲ್ಯಾಂಡಿಂಗ್ ಗೇರ್ ಹೆಚ್ಚಾಗಿ ಉಕ್ಕಿನದೇ. ನಮ್ಮ ವಾಯುಪಡೆ 2006ರವರೆಗೆ ಹಾರಿಸಿದ ಮಿಗ್-25ರ ಮೈಯ ಬಹುಪಾಲು ಉಕ್ಕು. ಶಬ್ದದ ಮೂರು ಪಟ್ಟಿಗೆ ಹತ್ತಿರದ ವೇಗದ ಬಿಸಿಯನ್ನು ಅಲ್ಯೂಮಿನಿಯಂ ತಡೆಯದು. ಇನ್ನು ತೇಜಸ್ ಯುದ್ಧವಿಮಾನದಲ್ಲಿ ಸುಮಾರು ಶೇಕಡಾ 45ರಷ್ಟು ತೂಕ ಲೋಹವೇ ಅಲ್ಲದ ಕಾಂಪೊಸಿಟ್‌ನದು.

6. ಈಗ ಇಂದಿರಾನಗರದ ಕಡೆಯಿಂದ ಅಲ್ಯೂಮಿನಿಯಂ ಬಾನೆಟ್‌ನ ಕಾರುಗಳು ಬರುತ್ತಿವೆ. ಮೊದಲು ಮ್ಯಾಗ್ನೆಟ್ ಇಟ್ಟು ನೋಡಿ. ಅಂಟದಿದ್ದರೆ ಉಕ್ಕಿಗೆ ಬಳಸಿದ ಸುತ್ತಿಗೆ, ಡಾಲಿ, ಸ್ಯಾಂಡಿಂಗ್ ಡಿಸ್ಕ್ ಪಕ್ಕಕ್ಕಿಡಿ. ಉಕ್ಕಿನ ಪುಡಿ ಒಳಹೊಕ್ಕರೆ ಪೇಂಟಿನ ಅಡಿಯಲ್ಲೇ ಕೊರೆತ ಶುರುವಾಗುತ್ತದೆ. ಕಾಯಿಸಿದರೆ ಉಕ್ಕು ಕೆಂಪಾಗಿ ಎಚ್ಚರಿಸುತ್ತದೆ. ಅಲ್ಯೂಮಿನಿಯಂ ಕೆಂಪಾಗದೆಯೇ ಕರಗಿ ಕುಸಿಯುತ್ತದೆ. ಗ್ಯಾಸ್ ಹಿಡಿಯುವ ಮೊದಲು ಬಿಸಿ ತೋರಿಸುವ ಕ್ರೇಯಾನಿನಿಂದ ಗೆರೆ ಎಳೆಯಿರಿ, ಗೆರೆ ಕರಗಿದ ಕೂಡಲೇ ಉರಿ ತೆಗೆಯಿರಿ.