ಶರಪಂಜರದೊಳಗಿನ ಹೆಣ್ಣು

‘ಶರಪಂಜರ’ ಎಂದರೆ ಬಾಣಗಳಿಂದ ಕಟ್ಟಿದ ಪಂಜರ. ಕುರುಕ್ಷೇತ್ರದ ರಣರಂಗದಲ್ಲಿ ಭೀಷ್ಮನ ಮೈಯಲ್ಲಿ ನಾಟಿದ ಬಾಣಗಳು ಎಲ್ಲರ ಕಣ್ಣಿಗೂ ಕಾಣುತ್ತಿದ್ದವು. ಅವನ ನೋವನ್ನು ಕಂಡು ಮಿತ್ರರೂ ಶತ್ರುಗಳೂ ಒಂದೆಡೆ ಸೇರಿ ಕಂಬನಿ ಮಿಡಿದರು. ಆದರೆ ಕಣ್ಣಿಗೆ ಕಾಣದ ಬಾಣಗಳೂ ಉಂಟು. ಅವು ಬಿಲ್ಲಿನಿಂದ ಹೊರಡುವುದಿಲ್ಲ. ನಾಲಿಗೆಯಿಂದ, ಓರೆನೋಟದಿಂದ, ಅರ್ಧಕ್ಕೆ ನಿಂತ ಮಾತಿನಿಂದ ಹೊರಡುತ್ತವೆ. ಅಂತಹ ಬಾಣಗಳ ನಡುವೆ ಸಿಲುಕಿದ ಒಬ್ಬ ಗೃಹಿಣಿಯ ಕಥೆಯನ್ನು ತ್ರಿವೇಣಿಯವರು ತಮ್ಮ ‘ಶರಪಂಜರ’ ಕಾದಂಬರಿಯಲ್ಲಿ ಹೇಳಿದ್ದಾರೆ.

ಕನ್ನಡ ಕಾದಂಬರಿಯು ಮೊದಲಿನಿಂದಲೂ ಹೆಣ್ಣಿನ ಬಾಳನ್ನು ಕುರಿತು ಚಿಂತಿಸುತ್ತ ಬಂದಿದೆ. 1899ರಲ್ಲಿ ಗುಲ್ವಾಡಿ ವೆಂಕಟರಾಯರು ಬರೆದ ‘ಇಂದಿರಾಬಾಯಿ’ ವಿಧವಾ ವಿವಾಹದ ಪ್ರಶ್ನೆಯನ್ನು ಎತ್ತಿಕೊಂಡಿತು. ಅಲ್ಪಾಯುಷಿಯಾದ ಕೊಡಗಿನ ಗೌರಮ್ಮನವರು ತಮ್ಮ ಸಣ್ಣ ಕಥೆಗಳಲ್ಲಿ ಹೆಣ್ಣಿನ ಮೂಕವೇದನೆಗೆ ಮಾತು ಕೊಟ್ಟರು. ಆ ಕಾಲದ ಬಹುಪಾಲು ಬರಹಗಳಲ್ಲಿ ಹೆಣ್ಣಿನ ಕಷ್ಟಕ್ಕೆ ಕಾರಣ ಹೊರಗಿನ ಕಟ್ಟುಪಾಡು. ಬಾಲ್ಯವಿವಾಹ, ವರದಕ್ಷಿಣೆ, ವೈಧವ್ಯ ಮುಂತಾದವು ಎಲ್ಲರೂ ಗುರುತಿಸಬಲ್ಲ ಸಮಸ್ಯೆಗಳು. ಆ ಕಟ್ಟುಪಾಡುಗಳು ಹೆಣ್ಣಿನ ಮನಸ್ಸಿನೊಳಗೆ ಇಳಿದು ಏನು ಮಾಡುತ್ತವೆ ಎಂಬುದನ್ನು ತಾಳ್ಮೆಯಿಂದ ಪರಿಶೀಲಿಸಿದ ಲೇಖಕಿಯರಲ್ಲಿ ತ್ರಿವೇಣಿಯವರ ಹೆಸರು ಮುಖ್ಯವಾದುದು.

‘ತ್ರಿವೇಣಿ’ ಎಂಬುದು ಅನಸೂಯಾ ಶಂಕರ್ ಅವರ ಕಾವ್ಯನಾಮ. 1928ರಲ್ಲಿ ಜನಿಸಿದ ಇವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನು ವ್ಯಾಸಂಗ ಮಾಡಿ ಪದವಿ ಪಡೆದರು. ಕಾಲೇಜಿನಲ್ಲಿ ಕಲಿತ ಶಾಸ್ತ್ರವನ್ನು ಅವರು ಮರೆಯಲಿಲ್ಲ. ಅದನ್ನು ಅಡುಗೆಮನೆ, ಬಾಣಂತಿಕೋಣೆ, ಹಜಾರಗಳಿಗೆ ಕೊಂಡೊಯ್ದರು. ಸುಮಾರು ಹತ್ತು ವರ್ಷಗಳ ಸಾಹಿತ್ಯಜೀವನದಲ್ಲಿ ಇಪ್ಪತ್ತರಷ್ಟು ಕಾದಂಬರಿಗಳನ್ನೂ ಮೂರು ಕಥಾಸಂಕಲನಗಳನ್ನೂ ರಚಿಸಿದರು. 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡಾಗ ಅವರಿಗಿನ್ನೂ ಮೂವತ್ತನಾಲ್ಕು ವರ್ಷ. ಬಾಣಂತಿಯ ಸಂಕಟವನ್ನು ಕನ್ನಡಿಗರಿಗೆ ಮನಗಾಣಿಸಿದ ಲೇಖಕಿಯ ಬಾಳು ಬಾಣಂತನದಲ್ಲಿಯೇ ಮುಗಿದುದು ವಿಧಿಯ ಕ್ರೂರ ವ್ಯಂಗ್ಯವೇ ಸರಿ.

‘ಶರಪಂಜರ’ದ ನಾಯಕಿ ಕಾವೇರಿ. ಆಕೆ ಚೆಲುವೆ, ವಿದ್ಯಾವಂತೆ, ಉಲ್ಲಾಸದ ಸ್ವಭಾವದವಳು. ಮೆಚ್ಚಿ ಮದುವೆಯಾದ ಗಂಡ ಸತೀಶ, ಅನುಕೂಲವಾದ ಮನೆ. ಊರವರ ಕಣ್ಣಿಗೆ ಅದು ಹಾಲುಜೇನಿನಂತಹ ಸಂಸಾರ. ಆದರೆ ಮದುವೆಗೆ ಮುಂಚೆ ನಡೆದ ಒಂದು ಕಹಿ ಘಟನೆ ಆಕೆಯ ಅಂತರಾಳದಲ್ಲಿ ಮುಳ್ಳಿನಂತೆ ಉಳಿದಿದೆ. ಅದನ್ನು ಯಾರೊಂದಿಗೂ ಹೇಳಿಕೊಳ್ಳುವಂತಿಲ್ಲ. ಹೇಳಿದರೆ ಮಾನ ಹೋದೀತು. ಹೇಳದಿದ್ದರೆ ಮನಸ್ಸು ಒಳಗೊಳಗೇ ಬೇಯುತ್ತದೆ. ಒಳ್ಳೆಯ ಹೆಂಡತಿ, ಒಳ್ಳೆಯ ಸೊಸೆ, ಒಳ್ಳೆಯ ತಾಯಿ ಎಂಬ ಮೂರು ಹೆಸರುಗಳನ್ನು ಸಮಾಜವು ಆಕೆಗೆ ಕೊಟ್ಟಿದೆ. ಆ ಹೆಸರುಗಳಿಗೆ ಕುಂದು ಬಾರದಂತೆ ನಡೆದುಕೊಳ್ಳಬೇಕೆಂಬ ಭಯದಲ್ಲಿ ಕಾವೇರಿ ಎಂಬ ಸ್ವಂತ ಹೆಸರು ಮಸುಕಾಗುತ್ತದೆ.

ಹೆರಿಗೆಯ ತರುವಾಯ ಆಕೆಯ ಮನಸ್ಸು ಕದಡಿಹೋಗುತ್ತದೆ. ಇದನ್ನು ಹಳ್ಳಿಗಳಲ್ಲಿ ‘ಬಾಣಂತಿ ಸನ್ನಿ’ ಎನ್ನುವುದುಂಟು. ಗಾಳಿ ಸೋಕಿತೆಂದೂ ದೆವ್ವ ಬಡಿಯಿತೆಂದೂ ಭಾವಿಸಿ ಬೇವಿನ ಸೊಪ್ಪು, ಮಂತ್ರ, ತಾಯಿತಗಳ ಮೊರೆಹೋದವರು ಅನೇಕರು. ವೈದ್ಯಶಾಸ್ತ್ರವು ಇದನ್ನು ಒಂದು ಕಾಯಿಲೆಯೆಂದು ಗುರುತಿಸಿದೆ. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಹೆರಿಗೆಯಾದ ಎರಡು ವಾರಗಳೊಳಗೆ ತಲೆದೋರುತ್ತದೆ. ದೇಹದಲ್ಲಿ ರಸದೂತಗಳ ಪ್ರಮಾಣ ಒಮ್ಮೆಗೇ ಏರುಪೇರಾಗುವುದು, ನಿದ್ರೆಗೆಡುವುದು, ಮನೆತನದಲ್ಲಿ ಬಂದಿರುವ ಪ್ರವೃತ್ತಿ ಇವೆಲ್ಲ ಸೇರಿ ರೋಗಕ್ಕೆ ದಾರಿಯಾಗಬಹುದು. ಇದು ತಾಯಿಯ ತಪ್ಪಲ್ಲ, ಪಾಪದ ಫಲವೂ ಅಲ್ಲ. ತಡಮಾಡದೆ ಚಿಕಿತ್ಸೆ ಕೊಡಿಸಿದರೆ ಬಹುಪಾಲು ತಾಯಂದಿರು ಗುಣಹೊಂದುತ್ತಾರೆ.

ಕಾವೇರಿಯೂ ಮಾನಸಿಕ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಗುಣಮುಖಳಾಗುತ್ತಾಳೆ. ಸಾಮಾನ್ಯವಾದ ಕಥೆಯಾಗಿದ್ದರೆ ಅದು ಇಲ್ಲಿಗೆ ಮುಗಿಯಬಹುದಿತ್ತು. ತ್ರಿವೇಣಿಯವರ ನಿಜವಾದ ಕಥೆ ಆರಂಭವಾಗುವುದೇ ಆಕೆ ಮನೆಗೆ ಹಿಂದಿರುಗಿದ ಮೇಲೆ.

ಜ್ವರ ಬಂದು ಬಿಟ್ಟವರನ್ನು ಮನೆಯವರು ಗಂಜಿ ಕೊಟ್ಟು ಉಪಚರಿಸುತ್ತಾರೆ; ನೆಂಟರಿಷ್ಟರು ಬಂದು ಕ್ಷೇಮ ವಿಚಾರಿಸುತ್ತಾರೆ. ಕಾಲು ಮುರಿದು ಕೂಡಿಕೊಂಡವನನ್ನು ಯಾರೂ ಜೀವಮಾನವಿಡೀ ಕುಂಟನೆಂದು ಕರೆಯುವುದಿಲ್ಲ. ಮನಸ್ಸಿನ ಕಾಯಿಲೆ ವಾಸಿಯಾದವರಿಗೆ ಈ ಭಾಗ್ಯವಿಲ್ಲ. ಕಾವೇರಿ ನಕ್ಕರೆ ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ಮೌನವಾಗಿದ್ದರೆ ಮತ್ತೆ ಮರುಕಳಿಸಿತೇ ಎಂದು ಶಂಕಿಸುತ್ತಾರೆ. ಸಿಟ್ಟು ಮಾಡಿದರಂತೂ ಅವರ ಶಂಕೆ ನಿಶ್ಚಯವೇ ಆಗಿಬಿಡುತ್ತದೆ. ಇತರರಲ್ಲಿ ಸಹಜವೆನಿಸುವ ನಡವಳಿಕೆಯೇ ಆಕೆಯಲ್ಲಿ ರೋಗದ ಲಕ್ಷಣವೆನಿಸುತ್ತದೆ. ತಾನು ಸ್ವಸ್ಥಳೆಂದು ಸಾಧಿಸಲು ಆಕೆಗೆ ಯಾವ ದಾರಿಯೂ ಉಳಿದಿಲ್ಲ. ಏಕೆಂದರೆ ಆಕೆಯ ಮಾತನ್ನು ಮಾತೆಂದು ಕೇಳುವವರೇ ಇಲ್ಲ.

ಇದಕ್ಕಿಂತ ಹರಿತವಾದ ಬಾಣ ಗಂಡನದು. ಮೊದಲು ಮಡದಿಯನ್ನು ಅಷ್ಟೊಂದು ಪ್ರೀತಿಸಿದ ಸತೀಶ ಈಗ ದೂರ ಸರಿಯುತ್ತಾನೆ. ಆತನ ಒಲವು ಬೇರೆಡೆಗೆ ಹರಿದಿದೆಯೆಂಬ ಸತ್ಯವೂ ಕಾವೇರಿಗೆ ಗೋಚರಿಸುತ್ತದೆ. ಇಲ್ಲಿ ಲೇಖಕಿ ಒಂದು ತಕ್ಕಡಿಯನ್ನು ಓದುಗರ ಮುಂದೆ ಹಿಡಿಯುತ್ತಾರೆ. ಹೆಂಡತಿ ತನ್ನ ಇಚ್ಛೆಯಿಲ್ಲದೆ ರೋಗಕ್ಕೆ ತುತ್ತಾದಳು. ಅದು ಆಕೆಯ ಹಣೆಗೆ ಅಳಿಸಲಾಗದ ಕಳಂಕವಾಯಿತು. ಗಂಡ ತಿಳಿದೂ ತಿಳಿದೂ ದಾರಿ ತಪ್ಪಿದ. ಅದು ಗಂಡಸಿನ ಸಹಜ ದೌರ್ಬಲ್ಯವೆನಿಸಿಕೊಂಡಿತು. ಈ ತಕ್ಕಡಿಯ ತಟ್ಟೆಗಳು ಸಮವಾಗಿಲ್ಲವೆಂಬುದನ್ನು ತಿಳಿಯಲು ಬೇರೆ ಸಾಕ್ಷಿ ಬೇಕಿಲ್ಲ.

ಹಾಗೆಂದು ಸತೀಶನನ್ನು ದುಷ್ಟನೆಂದು ಕರೆದು ಸುಮ್ಮನಾಗುವುದು ಸುಲಭದ ತೀರ್ಮಾನ. ಅವನು ಹೆಂಡತಿಯನ್ನು ಹೊಡೆದು ಬಡಿದು ಹಿಂಸಿಸುವ ರಾಕ್ಷಸನಲ್ಲ. ಆಸ್ಪತ್ರೆಗೆ ಸೇರಿಸಿ ಚಿಕಿತ್ಸೆ ಕೊಡಿಸಿದವನು. ಆದರೆ ಚಿಕಿತ್ಸೆಗೆ ಹಣ ವೆಚ್ಚ ಮಾಡುವುದಕ್ಕಿಂತ ವಿಶ್ವಾಸವನ್ನು ವೆಚ್ಚ ಮಾಡುವುದು ಕಷ್ಟ. ಅವನಲ್ಲಿ ಧೈರ್ಯದ ಕೊರತೆಯಿದೆ. ನಾಲ್ಕು ಜನರ ಬಾಯಿಗೆ ಅವನು ಹೆದರುತ್ತಾನೆ. ಇಂತಹ ಸಾಮಾನ್ಯರ ಅಳುಕು ಒಟ್ಟುಗೂಡಿದಾಗ ಅದು ಒಂದು ಜೀವವನ್ನು ನುಂಗಬಲ್ಲದು. ಕೊನೆಗೆ ಕಾವೇರಿಯ ಮನಸ್ಸು ಮತ್ತೆ ಕದಡುತ್ತದೆ. ಆಸ್ಪತ್ರೆಯು ಗುಣಪಡಿಸಿದ ಜೀವವನ್ನು ಮನೆ ಮತ್ತೆ ರೋಗಿಯನ್ನಾಗಿ ಮಾಡುತ್ತದೆ. ರೋಗ ಯಾರಿಗೆ, ಕಾವೇರಿಗೋ, ಆಕೆಯನ್ನು ಸುತ್ತುವರಿದ ಸಮಾಜಕ್ಕೋ ಎಂಬ ಪ್ರಶ್ನೆ ಓದುಗರಲ್ಲಿ ಉಳಿಯುತ್ತದೆ.

ತ್ರಿವೇಣಿಯವರ ನಾಯಕಿಯರೆಲ್ಲರೂ ಹೀಗೆ ಸೋಲುವವರಲ್ಲ. ‘ಬೆಳ್ಳಿಮೋಡ’ದ ಇಂದಿರೆಯನ್ನು ಇಲ್ಲಿ ನೆನೆಯಬಹುದು. ಆಸ್ತಿಯ ಆಸೆ ಕೈತಪ್ಪಿದಾಗ ಹಿಂಜರಿದ ವರನು ಮುಂದೆ ಮನಸ್ಸು ಬದಲಿಸಿ ಬಂದರೂ ಆಕೆ ಅವನನ್ನು ಒಪ್ಪುವುದಿಲ್ಲ. ಮದುವೆಯೇ ಹೆಣ್ಣಿನ ಬಾಳಿನ ಗುರಿಯೆಂದು ನಂಬಿದ್ದ ಕಾಲದಲ್ಲಿ ಆಕೆಯ ಸ್ವಾಭಿಮಾನ ಓದುಗರಿಗೆ ಹೊಸ ಬೆಳಕನ್ನು ತೋರಿತು. ಇಂದಿರೆಯ ‘ಒಲ್ಲೆ’ ಎಂಬ ಮಾತಿಗೆ ಮನೆಯವರು ಕಿವಿಗೊಟ್ಟರು. ಕಾವೇರಿಗೆ ಆ ಅವಕಾಶವೂ ದೊರೆಯಲಿಲ್ಲ. ಎರಡು ಕಾದಂಬರಿಗಳನ್ನು ಜೊತೆಯಲ್ಲಿಟ್ಟು ಓದಿದಾಗ, ಹೆಣ್ಣಿನ ವ್ಯಕ್ತಿತ್ವ ಅರಳಲು ಆಕೆಯ ಸ್ವಂತ ಸ್ಥೈರ್ಯದೊಂದಿಗೆ ಸುತ್ತಲಿನವರ ನಂಬಿಕೆಯೂ ಬೇಕೆಂಬುದು ಸ್ಪಷ್ಟವಾಗುತ್ತದೆ.

ಪುಟ್ಟಣ್ಣ ಕಣಗಾಲ್ ಅವರು 1967ರಲ್ಲಿ ‘ಬೆಳ್ಳಿಮೋಡ’ವನ್ನೂ 1971ರಲ್ಲಿ ‘ಶರಪಂಜರ’ವನ್ನೂ ಚಲನಚಿತ್ರಗಳಾಗಿ ನಿರ್ದೇಶಿಸಿದರು. ಎರಡರಲ್ಲಿಯೂ ನಾಯಕಿಯ ಪಾತ್ರವನ್ನು ವಹಿಸಿದವರು ಕಲ್ಪನಾ. ಕಾದಂಬರಿಯನ್ನು ಓದಲಾರದವರಿಗೂ ಕಾವೇರಿಯ ಅಳಲು ಹೀಗೆ ತಲುಪಿತು.

ಅಂದಿನಿಂದ ಇಂದಿಗೆ ಕಾಲ ಬದಲಾಗಿದೆ. ‘ಹುಚ್ಚರ ಕಾಯಿದೆ’ಯೆಂದೇ ಕರೆಯಬಹುದಾದ 1912ರ ಕಾನೂನು ಹೋಗಿ 1987ರಲ್ಲಿ ಮಾನಸಿಕ ಆರೋಗ್ಯ ಕಾಯಿದೆ ಬಂದಿತು, ಅದರ ಸ್ಥಾನದಲ್ಲಿ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಜಾರಿಗೆ ಬಂದಿದೆ. ಮನೋರೋಗಿಯೂ ಮಾನವಂತನಾಗಿ ಬಾಳುವ ಹಕ್ಕುಳ್ಳವನೆಂದು ಈ ಕಾಯಿದೆ ಸಾರುತ್ತದೆ. ಚಿಕಿತ್ಸೆ ಪಡೆಯುತ್ತಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅಗಲಿಸಕೂಡದೆಂದೂ ಅದು ವಿಧಿಸಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ತಾಯಿ ಮತ್ತು ಮಗುವನ್ನು ಒಟ್ಟಿಗೆ ಇರಿಸಿಕೊಂಡು ಉಪಚರಿಸುವ ವಿಭಾಗವೇ ಇದೆ.

ಕಾನೂನು ಆಸ್ಪತ್ರೆಯ ಬಾಗಿಲವರೆಗೆ ಕಾವಲು ನಿಲ್ಲಬಲ್ಲದು. ಮನೆಯ ಹೊಸ್ತಿಲೊಳಗೆ ಆಡುವ ಮಾತನ್ನು ತಿದ್ದಲಾರದು. ಆ ಕೆಲಸ ಸಾಹಿತ್ಯದ್ದು, ಸಾಹಿತ್ಯವನ್ನು ಓದಿ ಮನನ ಮಾಡುವವರದ್ದು. ನೆರೆಮನೆಯಲ್ಲಿ, ಬಂಧುಗಳಲ್ಲಿ, ತರಗತಿಯ ಗೆಳತಿಯರಲ್ಲಿ ಯಾರಾದರೂ ಮಂಕಾಗಿ ಕುಳಿತಿದ್ದರೆ ‘ಹುಚ್ಚಿ’ ಎಂಬ ಮಾತು ನಾಲಿಗೆಯ ತುದಿಗೆ ಬರುವುದು ಸುಲಭ. ಆ ಮಾತನ್ನು ಅಲ್ಲಿಯೇ ತಡೆದು, ಹತ್ತಿರ ಕುಳಿತು, ಅವರು ಹೇಳುವುದನ್ನು ಕೊನೆಯವರೆಗೆ ಕೇಳುವವರು ಆ ಪಂಜರದಿಂದ ಒಂದು ಬಾಣವನ್ನಾದರೂ ಕಿತ್ತಂತೆ ಆಗುತ್ತದೆ.