ಔಷಧವೇ ಗುಣಪಡಿಸಿತೆಂದು ಅರಿಯುವುದು ಹೇಗೆ?

ಕಷಾಯ ಕುಡಿದೆವು, ಜ್ವರ ಇಳಿಯಿತು. ಆದುದರಿಂದ ಕಷಾಯವೇ ಜ್ವರವನ್ನು ಇಳಿಸಿತು. ಈ ಬಗೆಯ ತರ್ಕವನ್ನು ನಾವು ದಿನವೂ ಕೇಳುತ್ತೇವೆ. ಕಷಾಯ ಕುಡಿಯದಿದ್ದರೂ ಜ್ವರ ಇಳಿಯುತ್ತಿತ್ತೇ ಎಂದು ಕೇಳುವವರು ವಿರಳ. ನೆಗಡಿಯ ಮಟ್ಟಿಗೆ ಈ ಪ್ರಶ್ನೆಯನ್ನು ಬಿಟ್ಟುಬಿಟ್ಟರೆ ದೊಡ್ಡ ಹಾನಿಯೇನೂ ಇಲ್ಲ. ಕ್ಷಯದಂತಹ ಮಾರಕ ವ್ಯಾಧಿಯಲ್ಲಿ ಹಾಗಲ್ಲ. ಕ್ಷಯದ ಕಾರಣ 1882ರಲ್ಲಿಯೇ ತಿಳಿದಿದ್ದಿತು. ಅದನ್ನು ಹಿಮ್ಮೆಟ್ಟಿಸುವ ಔಷಧವೊಂದು ಉಂಟೆಂದು ಸಂದೇಹಕ್ಕೆಡೆಯಿಲ್ಲದಂತೆ ರುಜುವಾತಾದುದು 1948ರಲ್ಲಿ. ಈ ಅರುವತ್ತಾರು ವರ್ಷಗಳಲ್ಲಿ ವೈದ್ಯರು ಸುಮ್ಮನೆ ಕುಳಿತಿರಲಿಲ್ಲ. ಔಷಧಗಳಿಗೂ ಕೊರತೆಯಿರಲಿಲ್ಲ. ಕೊರತೆಯಿದ್ದುದು ಔಷಧವನ್ನು ಒರೆಗೆ ಹಚ್ಚುವ ಕ್ರಮಕ್ಕೆ.

ಕಾರಣವನ್ನು ಕಂಡುಹಿಡಿದವನು ಜರ್ಮನಿಯ ರಾಬರ್ಟ್ ಕಾಖ್. 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ನಡೆದ ವಿದ್ವತ್ಸಭೆಯೊಂದರಲ್ಲಿ ಆತನು ಕ್ಷಯಾಣುವನ್ನು ತೋರಿಸಿದನು. ಈ ಏಕಾಣುಜೀವಿಯ ಮೈಮೇಲೆ ಮೇಣದಂತಹ ಹೊದಿಕೆಯಿರುವುದರಿಂದ ಬಣ್ಣವು ಸುಲಭವಾಗಿ ಹತ್ತುವುದಿಲ್ಲ. ಹತ್ತಿದ ಮೇಲೆ ಆಮ್ಲದಿಂದ ತೊಳೆದರೂ ಬಿಡುವುದಿಲ್ಲ. ಈ ಮೊಂಡುತನವೇ ಅದನ್ನು ಸೂಕ್ಷ್ಮದರ್ಶಕದಲ್ಲಿ ಗುರುತಿಸುವ ಉಪಾಯವಾಗಿ ಇಂದಿಗೂ ಬಳಕೆಯಲ್ಲಿದೆ. ಕಾಖ್ ಅಷ್ಟಕ್ಕೇ ತೃಪ್ತನಾಗಲಿಲ್ಲ. ರೋಗಿಯಲ್ಲಿ ಅಣುಜೀವಿ ಕಂಡಮಾತ್ರಕ್ಕೆ ಅದೇ ರೋಗಕ್ಕೆ ಕಾರಣವೆಂದು ಹೇಗೆ ಹೇಳುವುದು? ಆತನು ಅದನ್ನು ಬೇರ್ಪಡಿಸಿ, ಹೆಪ್ಪುಗಟ್ಟಿಸಿದ ರಕ್ತದ್ರವದ ಮೇಲೆ ಬೆಳೆಸಿ, ಆ ಬೆಳೆಯನ್ನು ಗಿನಿಯಿಲಿಗಳಿಗೆ ಚುಚ್ಚಿ, ಅವುಗಳಲ್ಲಿ ಅದೇ ರೋಗ ತಲೆದೋರುವುದನ್ನು ತೋರಿಸಿದನು. ಇದಕ್ಕಿಂತ ಕಟ್ಟುನಿಟ್ಟಾದ ಸಾಧನೆಯನ್ನು ಅಂದಿನ ವೈದ್ಯಪ್ರಪಂಚ ಕಂಡಿದ್ದುದು ಅಪರೂಪ.

ಆದರೆ ಇದೇ ಕಾಖ್ 1890ರಲ್ಲಿ ಕ್ಷಯಕ್ಕೆ ಮದ್ದು ಸಿಕ್ಕಿತೆಂದು ಸಾರಿದಾಗ ಈ ಕಟ್ಟುನಿಟ್ಟು ಎಲ್ಲಿ ಹೋಯಿತೋ! ಕ್ಷಯಾಣುಗಳಿಂದ ತೆಗೆದ ಸಾರವೇ ಆ ಮದ್ದು. ಮುಂದೆ ಅದಕ್ಕೆ ಟ್ಯುಬರ್ಕ್ಯುಲಿನ್ ಎಂಬ ಹೆಸರಾಯಿತು. ಅದರಲ್ಲಿ ಏನಿದೆಯೆಂಬುದನ್ನು ಆತನು ಮೊದಲು ಹೊರಗೆಡಹಲಿಲ್ಲ. ದೇಶದೇಶಗಳಿಂದ ರೋಗಿಗಳೂ ವೈದ್ಯರೂ ಬರ್ಲಿನ್ನಿಗೆ ಧಾವಿಸಿದರು. ಕೆಲವೇ ತಿಂಗಳಲ್ಲಿ ಸತ್ಯ ಹೊರಬಿದ್ದಿತು: ಮದ್ದು ಗುಣಪಡಿಸುತ್ತಿರಲಿಲ್ಲ, ಕೆಲವರಲ್ಲಿ ರೋಗವನ್ನು ಕೆರಳಿಸುತ್ತಲೂ ಇದ್ದಿತು. ಟ್ಯುಬರ್ಕ್ಯುಲಿನ್ ಕಡೆಗೆ ಉಪಯೋಗಕ್ಕೆ ಬಂದುದು ಚಿಕಿತ್ಸೆಗಲ್ಲ, ಕ್ಷಯಾಣು ದೇಹವನ್ನು ಹೊಕ್ಕಿದೆಯೇ ಎಂದು ಚರ್ಮದ ಮೇಲೆ ಪರೀಕ್ಷಿಸುವುದಕ್ಕೆ.

ಇಂತಹ ಮಹಾವಿಜ್ಞಾನಿಯೂ ಎಡವಿದುದೇಕೆ? ಕ್ಷಯವು ಮೋಸಗಾರ ರೋಗ. ಒಬ್ಬನನ್ನು ಆರು ತಿಂಗಳಲ್ಲಿ ಮುಗಿಸುತ್ತದೆ. ಇನ್ನೊಬ್ಬನಲ್ಲಿ ವರ್ಷಗಟ್ಟಲೆ ಅಡಗಿರುತ್ತದೆ. ಮತ್ತೊಬ್ಬನಲ್ಲಿ ತಾನಾಗಿಯೇ ಇಳಿಮುಖವಾಗುತ್ತದೆ. ಹೊಸ ಔಷಧವನ್ನು ಪ್ರಯೋಗಿಸುವ ವೈದ್ಯನು ಗುಣವಾಗುವ ಭರವಸೆಯುಳ್ಳ ರೋಗಿಗಳನ್ನೇ ತನಗರಿಯದಂತೆ ಆರಿಸಿಕೊಳ್ಳುವ ಸಂಭವವೂ ಉಂಟು. ಇನ್ನು ಕ್ಷ-ಕಿರಣದ ಚಿತ್ರ. 1895ರಲ್ಲಿ ರಂಟ್‌ಗೆನ್ ಕಂಡುಹಿಡಿದ ಈ ಕಿರಣಗಳು ಭೌತವಿಜ್ಞಾನವು ವೈದ್ಯಕ್ಕೆ ಕೊಟ್ಟ ದೊಡ್ಡ ಕಾಣಿಕೆಯೆಂದು ನಾವು ಹೆಮ್ಮೆಪಡುವುದು ಸಹಜ. ಆದರೆ ಒಂದೇ ಚಿತ್ರವನ್ನು ಇಬ್ಬರು ತಜ್ಞರು ಬೇರೆಬೇರೆಯಾಗಿ ಓದುವುದುಂಟು. ಒಬ್ಬರೇ ತಜ್ಞರು ಅದೇ ಚಿತ್ರವನ್ನು ಎರಡನೆಯ ಸಲ ಬೇರೆಯಾಗಿ ಓದುವುದೂ ಉಂಟೆಂದು 1940ರ ದಶಕದಲ್ಲಿ ಅಮೆರಿಕದಲ್ಲಿ ನಡೆದ ಪರೀಕ್ಷೆಗಳು ತೋರಿಸಿದವು. ಇದರಲ್ಲಿ ಆಶ್ಚರ್ಯವಿಲ್ಲ. ಗುರುತ್ವ ವೇಗೋತ್ಕರ್ಷವು 980 ಎಂದು ಪುಸ್ತಕದಲ್ಲಿ ಓದಿಕೊಂಡು ಬಂದ ವಿದ್ಯಾರ್ಥಿಯ ಲೋಲಕವು ಬಹುಮಟ್ಟಿಗೆ 980ನ್ನೇ ಕೊಡುತ್ತದೆಯಷ್ಟೆ! ಉತ್ತರವನ್ನು ಬಯಸುವ ಕಣ್ಣು ಉತ್ತರವನ್ನು ಕಾಣುತ್ತದೆ.

1943ರಲ್ಲಿ ಅಮೆರಿಕದ ರಟ್ಗರ್ಸ್‌ನಲ್ಲಿ, ವಾಕ್ಸ್‌ಮನ್ ಅವರ ಪ್ರಯೋಗಶಾಲೆಯಲ್ಲಿ, ಆಲ್ಬರ್ಟ್ ಷಾಟ್ಸ್ ಎಂಬ ತರುಣ ಸಂಶೋಧಕರು ಮಣ್ಣಿನ ಅಣುಜೀವಿಯೊಂದರಿಂದ ಸ್ಟ್ರೆಪ್ಟೊಮೈಸಿನ್ನನ್ನು ಪಡೆದರು. ಗಾಜಿನ ನಳಿಕೆಯಲ್ಲಿ ಅದು ಕ್ಷಯಾಣುವಿನ ಬೆಳವಣಿಗೆಯನ್ನು ತಡೆಯಿತು. ಗಿನಿಯಿಲಿಗಳಲ್ಲಿಯೂ ಫಲ ಕೊಟ್ಟಿತು. ಮನುಷ್ಯನಲ್ಲಿ? 1947ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಲಿಯು ಇದನ್ನು ಪರೀಕ್ಷಿಸಲು ಹೊರಟಾಗ ಸಂಖ್ಯಾಶಾಸ್ತ್ರಜ್ಞ ಬ್ರಾಡ್‌ಫರ್ಡ್ ಹಿಲ್ ಅವರು ಹೊಸದೊಂದು ಏರ್ಪಾಡು ಮಾಡಿದರು. ಎರಡೂ ಶ್ವಾಸಕೋಶಗಳಲ್ಲಿ ಹೊಸದಾಗಿ ಹಬ್ಬುತ್ತಿದ್ದ ಕ್ಷಯವುಳ್ಳ 107 ಮಂದಿ ತರುಣರೋಗಿಗಳನ್ನು ತೆಗೆದುಕೊಂಡರು. ಯಾರಿಗೆ ಔಷಧ, ಯಾರಿಗೆ ಹಾಸಿಗೆಯ ವಿಶ್ರಾಂತಿ ಮಾತ್ರ ಎಂಬುದನ್ನು ವೈದ್ಯರು ನಿರ್ಧರಿಸಲಿಲ್ಲ. ಯಾದೃಚ್ಛಿಕ ಸಂಖ್ಯೆಗಳ ಪಟ್ಟಿ ನಿರ್ಧರಿಸಿತು. ತೀರ್ಪನ್ನು ಮೊಹರು ಮಾಡಿದ ಲಕೋಟೆಯಲ್ಲಿಟ್ಟು, ರೋಗಿಯು ಪ್ರಯೋಗಕ್ಕೆ ಸೇರಿದ ಮೇಲೆಯೇ ಅದನ್ನು ಒಡೆಯುತ್ತಿದ್ದರು. ಕ್ಷ-ಕಿರಣ ಚಿತ್ರಗಳನ್ನು ಓದಿದವರಿಗೆ ಯಾವ ಚಿತ್ರ ಯಾವ ಗುಂಪಿನದೆಂದು ತಿಳಿಸಿರಲಿಲ್ಲ. ಹೀಗೆ ಚೀಟಿಯೆತ್ತಿದಂತೆ ಹಂಚುವುದರಿಂದ ವಯಸ್ಸು, ಪುಷ್ಟಿ, ರೋಗದ ತೀವ್ರತೆ ಮಾತ್ರವಲ್ಲದೆ, ನಮಗೆ ಗೊತ್ತೇ ಇಲ್ಲದ ಕಾರಣಗಳು ಸಹ ಎರಡು ಗುಂಪುಗಳಲ್ಲಿ ಹೆಚ್ಚುಕಡಮೆ ಸಮನಾಗಿ ಹಂಚಿಹೋಗುತ್ತವೆ.

ಸಾಯುತ್ತಿರುವ 52 ಮಂದಿಗೆ ಔಷಧವನ್ನು ಕೊಡದಿರುವುದು ನ್ಯಾಯವೇ? ಈ ಪ್ರಶ್ನೆಯನ್ನು ವಾಚಕರು ಕೇಳಿಯೇ ಕೇಳುತ್ತಾರೆ, ಕೇಳಬೇಕು. ಯುದ್ಧದಿಂದ ಬಳಲಿದ್ದ ಬ್ರಿಟನ್ನಿಗೆ ಡಾಲರುಗಳ ಅಭಾವವಿದ್ದು, ದೊರೆತ ಔಷಧವು ಎಲ್ಲರಿಗೂ ಸಾಲುವಷ್ಟಿರಲಿಲ್ಲ. ಹೇಗಿದ್ದರೂ ಬಹುಮಂದಿಗೆ ಸಿಗದ ಔಷಧವನ್ನು, ಮುಂದೆ ಬರುವವರಿಗೆ ನಿಶ್ಚಿತವಾದ ತಿಳಿವಳಿಕೆ ದೊರೆಯುವಂತೆ ಹಂಚಿದರೆಂಬುದು ಅವರ ಸಮಾಧಾನ. ನಮಗೆ ಅದು ಒಪ್ಪತಕ್ಕುದಾಗಿಯೇ ತೋರುತ್ತದೆ. ಆದರೆ ತಾವು ಪ್ರಯೋಗವೊಂದರಲ್ಲಿ ಇದ್ದೇವೆಂಬುದನ್ನೇ ಆ 52 ಮಂದಿಗೆ ತಿಳಿಸಿರಲಿಲ್ಲ. ಇಂದು ರೋಗಿಯ ಒಪ್ಪಿಗೆಯಿಲ್ಲದೆ ಇಂತಹ ಪ್ರಯೋಗ ನಡೆಸುವಂತಿಲ್ಲ.

ಆರು ತಿಂಗಳು ಕಳೆದಾಗ ಔಷಧ ಪಡೆದ 55 ಮಂದಿಯಲ್ಲಿ 4 ಮಂದಿ, ವಿಶ್ರಾಂತಿಯಲ್ಲಿದ್ದ 52 ಮಂದಿಯಲ್ಲಿ 14 ಮಂದಿ ತೀರಿಕೊಂಡಿದ್ದರು. ಕ್ಷ-ಕಿರಣ ಚಿತ್ರದಲ್ಲಿ ಗಣನೀಯ ಸುಧಾರಣೆ ಕಂಡವರು ಮೊದಲ ಗುಂಪಿನಲ್ಲಿ 28, ಎರಡನೆಯದರಲ್ಲಿ 4. ಎರಡನೆಯ ಗುಂಪಿನ ಆ ನಾಲ್ವರನ್ನು ಮರೆಯಬಾರದು: ಅವರಿಗೆ ಯಾವುದಾದರೊಂದು ಹುಸಿಮದ್ದನ್ನು ಕೊಟ್ಟಿದ್ದರೆ ಕೀರ್ತಿಯೆಲ್ಲ ಅದಕ್ಕೇ ಸಲ್ಲುತ್ತಿದ್ದಿತು.

ಆದರೆ ಐದು ವರ್ಷಗಳ ಅನಂತರ ಲೆಕ್ಕ ತೆಗೆದಾಗ ಮೊದಲ ಗುಂಪಿನಲ್ಲಿ 32, ಎರಡನೆಯದರಲ್ಲಿ 35 ಮಂದಿ ಸತ್ತಿದ್ದರು. ಗೆಲವು ಬಹುಮಟ್ಟಿಗೆ ಕರಗಿಹೋಗಿದ್ದಿತು. ಕಾರಣ ಸರಳವಾದ ಗಣಿತ. ಸುಮಾರು ಹತ್ತು ಲಕ್ಷ ಕ್ಷಯಾಣುಗಳಲ್ಲಿ ಒಂದು ಹುಟ್ಟಿನಿಂದಲೇ ಸ್ಟ್ರೆಪ್ಟೊಮೈಸಿನ್ನಿಗೆ ಜಗ್ಗದಂತಹುದು ಎಂದಿಟ್ಟುಕೊಳ್ಳೋಣ. ಶ್ವಾಸಕೋಶದ ಒಂದು ಕುಹರದಲ್ಲಿ ಹತ್ತು ಕೋಟಿ ಅಣುಗಳಿದ್ದರೆ ಅಂತಹವು ನೂರು ಇರುತ್ತವೆ. ಮಿಕ್ಕವು ಸತ್ತ ಮೇಲೆ ಈ ನೂರರ ಸಂತಾನವೇ ಕುಹರವನ್ನು ತುಂಬುತ್ತದೆ; ಆಗ ಔಷಧ ನೀರಿಗೆ ಸಮ. ಎರಡನೆಯ ಔಷಧವನ್ನೂ ಒಡನೆಯೇ ಕೊಟ್ಟರೆ? ಎರಡಕ್ಕೂ ಜಗ್ಗದ ಅಣುವು ಲಕ್ಷ ಕೋಟಿಗೆ ಒಂದು. ಹತ್ತು ಕೋಟಿಯಲ್ಲಿ ಅದು ಇರುವ ಸಂಭವ ತೀರ ಕಡಮೆ. ಪಾಸ್ ಎಂಬ ಔಷಧವನ್ನು ಸ್ಟ್ರೆಪ್ಟೊಮೈಸಿನ್ನಿನ ಜೊತೆಗೆ ಕೊಟ್ಟು ನೋಡಿದಾಗ ಈ ಲೆಕ್ಕ ಸರಿಯೆಂದು ಸಿದ್ಧವಾಯಿತು. 1952ರಲ್ಲಿ ಅಗ್ಗವೂ ಪ್ರಬಲವೂ ಆದ ಐಸೊನಿಯಜಿಡ್ ಬಂದಿತು. ಇಂದು ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆಯನ್ನು ನಾಲ್ಕು ಔಷಧಗಳಿಂದ ಆರಂಭಿಸುವುದು ಇದೇ ಗಣಿತದ ಮೇಲೆ. ನಡುವೆ ಮಾತ್ರೆ ಬಿಟ್ಟವರಲ್ಲಿ ಜಗ್ಗದ ಕ್ಷಯ ತಲೆಯೆತ್ತುವುದಕ್ಕೂ ಇದೇ ವಿವರಣೆ.

ಔಷಧವನ್ನು ಎಲ್ಲಿ ಕೊಡಬೇಕೆಂಬ ಪ್ರಶ್ನೆ ಭಾರತಕ್ಕೆ ಮುಖ್ಯವಾಗಿದ್ದಿತು. ಬೆಟ್ಟದ ತಪ್ಪಲಿನ ಆರೋಗ್ಯಧಾಮ, ತಂಗಾಳಿ, ಹಾಲು ಮೊಟ್ಟೆ, ತಿಂಗಳುಗಟ್ಟಲೆ ವಿಶ್ರಾಂತಿ — ಇವಿಲ್ಲದೆ ಕ್ಷಯ ಗುಣವಾಗದೆಂಬುದು ಅಂದಿನ ನಂಬಿಕೆ. 1956ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಸಂಶೋಧನ ಕೇಂದ್ರವು ಈ ನಂಬಿಕೆಯನ್ನೂ ಅದೇ ಚೀಟಿಯ ನ್ಯಾಯಕ್ಕೆ ಒಪ್ಪಿಸಿತು. ನಗರದ ಬಡ ರೋಗಿಗಳಲ್ಲಿ ಕೆಲವರನ್ನು ಆರೋಗ್ಯಧಾಮಕ್ಕೆ ಕಳುಹಿಸಿ, ಉಳಿದವರಿಗೆ ಅವರ ಇಕ್ಕಟ್ಟಾದ ಮನೆಗಳಲ್ಲಿಯೇ ಒಂದು ವರ್ಷ ಅವೇ ಔಷಧಗಳನ್ನು ಕೊಟ್ಟರು. 1959ರಲ್ಲಿ ಹೊರಬಂದ ಫಲಿತಾಂಶದಲ್ಲಿ ಎರಡು ಗುಂಪುಗಳಿಗೂ ಹೇಳಿಕೊಳ್ಳುವಂತಹ ವ್ಯತ್ಯಾಸವಿರಲಿಲ್ಲ. ಮನೆಯಲ್ಲುಳಿದ ರೋಗಿಗಳ ಬಂಧುಗಳಿಗೆ ರೋಗ ಹೆಚ್ಚಾಗಿ ತಗಲಲೂ ಇಲ್ಲ. ಗುಣಪಡಿಸಿದುದು ಔಷಧ, ತಂಗಾಳಿಯಲ್ಲ.

ಇನ್ನು ರೋಗಿಗಳನ್ನು ಗುರುತಿಸುವ ಕೆಲಸ. ಹಳ್ಳಿಯವರು ರೋಗವನ್ನರಿಯದೆ ಸುಮ್ಮನಿರುತ್ತಾರೆ, ಆದುದರಿಂದ ಕ್ಷ-ಕಿರಣದ ಗಾಡಿಗಳನ್ನು ಊರೂರಿಗೆ ಒಯ್ದು ಹುಡುಕಬೇಕು ಎಂದು ಹಲವರು ಭಾವಿಸಿದ್ದರು. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಬ್ಯಾನರ್ಜಿ ಮತ್ತು ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ವಿಚಾರಿಸಿ 1963ರಲ್ಲಿ ಪ್ರಕಟಿಸಿದ ವರದಿ ಬೇರೆಯೇ ಚಿತ್ರವನ್ನು ಕೊಟ್ಟಿತು. ಬಹುತೇಕ ಎಲ್ಲ ರೋಗಿಗಳಿಗೂ ತಮ್ಮ ಕೆಮ್ಮು ಜ್ವರಗಳ ಅರಿವಿದ್ದಿತು. ಅರ್ಧದಷ್ಟು ಮಂದಿ ಪರಿಹಾರ ಹುಡುಕಿಕೊಂಡು ಹೋಗಿಯೂ ಇದ್ದರು. ಆದರೆ ಬಂದವರ ಕಫವನ್ನು ಪರೀಕ್ಷಿಸುವ ಏರ್ಪಾಡಿರಲಿಲ್ಲ. ಕೆಮ್ಮಿನ ಔಷಧದ ಸೀಸೆಯೊಡನೆ ಅವರು ಹಿಂದಿರುಗುತ್ತಿದ್ದರು. ಹಾಗಾದರೆ ರೋಗಿಯನ್ನು ಹುಡುಕಿಕೊಂಡು ಹೋಗುವುದಕ್ಕಿಂತ ಮೊದಲು ಬಾಗಿಲಿಗೆ ಬಂದವನ ಕಫವನ್ನು ಸೂಕ್ಷ್ಮದರ್ಶಕದಡಿ ನೋಡಬೇಕಾಗಿದ್ದಿತು. ಸಾಮಾನ್ಯ ಆಸ್ಪತ್ರೆಗಳಲ್ಲಿಯೇ ಕಫಪರೀಕ್ಷೆ ನಡೆಸುವ ರಾಷ್ಟ್ರೀಯ ಕಾರ್ಯಕ್ರಮವು ಈ ಸಂಸ್ಥೆಯ ಅಧ್ಯಯನಗಳ ಮೇಲೆ ರೂಪುಗೊಂಡಿತು. ಈಗ ಕ್ಷಯಾಣುವಿನ ಅನುವಂಶಿಕ ದ್ರವ್ಯವನ್ನೇ ಹುಡುಕುವ ಯಂತ್ರಗಳು ಬಂದಿವೆ; ರೋಗವಿದೆಯೇ, ಅದು ರಿಫಾಂಪಿಸಿನ್ನಿಗೆ ಜಗ್ಗುತ್ತದೆಯೇ ಎಂಬ ಎರಡನ್ನೂ ಅವು ಎರಡು ಗಂಟೆಗಳಲ್ಲಿ ತಿಳಿಸುತ್ತವೆ. ಎರಡು ವಾರ ಮೀರಿದ ಕೆಮ್ಮುಳ್ಳವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಕಫಪರೀಕ್ಷೆಯೂ, ರೋಗವಿದ್ದರೆ ಔಷಧವೂ ಉಚಿತವಾಗಿ ದೊರೆಯುತ್ತವೆ.