ಓರೆ ಕಡ್ಡಿಯ ಪಾಠ: ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್‌ಟ್ಯೂಬಿನಿಂದ ಚತುರ್ಭುಜ

ಅಭ್ಯಾಸ ಬೋಧನೆಗೆ ನನ್ನನ್ನು ನಿಯೋಜಿಸಿದ್ದು ಊರ ಹೊರಗಿನ ಒಂದು ಸರ್ಕಾರಿ ಪ್ರೌಢಶಾಲೆಗೆ. ಎಂಟನೆಯ ತರಗತಿ, ಗಣಿತ, ಚತುರ್ಭುಜಗಳ ಘಟಕ. ಮೊದಲ ಪಾಠಕ್ಕೆ ನಾನು ಮೂರು ರಾತ್ರಿ ಕುಳಿತು ಥರ್ಮಾಕೋಲಿನಲ್ಲಿ ಚೌಕ, ಆಯತ, ವಜ್ರಾಕೃತಿ, ತ್ರಾಪಿಜ್ಯಗಳನ್ನು ಕತ್ತರಿಸಿ, ಬಣ್ಣದ ಕಾಗದ ಅಂಟಿಸಿ, ಅಂಚಿಗೆ ಜರಿ ಹಚ್ಚಿದ್ದೆ. ಮಕ್ಕಳು ನೋಡಿ "ಭಾಳ ಚಂದ ಅದಾವ್ರಿ ಟೀಚರ್" ಎಂದರು. ನನಗೂ ಸಂತೋಷವಾಯಿತು.

ಪಾಠದ ಕೊನೆಗೆ ಮೌಲ್ಯಮಾಪನದ ಪ್ರಶ್ನೆ ಕೇಳಿದೆ: "ನಾಲ್ಕೂ ಬಾಹುಗಳ ಅಳತೆ ಕೊಟ್ಟರೆ ಎಷ್ಟು ಚತುರ್ಭುಜ ರಚಿಸಬಹುದು?" ಇಡೀ ತರಗತಿ ಒಂದೇ ದನಿಯಲ್ಲಿ "ಒಂದು" ಎಂದಿತು.

ಉತ್ತರ ತಪ್ಪು. ಆದರೆ ಆ ತಪ್ಪನ್ನು ಕಲಿಸಿದ್ದು ನನ್ನ ಕಲಿಕೋಪಕರಣವೇ ಎಂಬುದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಥರ್ಮಾಕೋಲಿನ ಚೌಕ ಎಂದಾದರೂ ವಾಲುತ್ತದೆಯೇ? ನಲವತ್ತು ನಿಮಿಷ ಅದನ್ನೇ ನೋಡಿದ ಮಕ್ಕಳಿಗೆ ಅದೇ ನಾಲ್ಕು ಬಾಹುಗಳು ವಜ್ರಾಕೃತಿಯೂ ಆಗಬಲ್ಲವು ಎಂದು ಯಾಕೆ ಅನಿಸಬೇಕು? ಪಾಠ ಮುಗಿದ ಮೇಲೆ ಮಾರ್ಗದರ್ಶಕ ಶಿಕ್ಷಕರು ಹೇಳಿದ್ದು ಒಂದೇ ಮಾತು: "ಮಾದರಿ ಮಾಡಿದವರು ನೀವು. ಹಂಗಾಗಿ ಕಲಿತವರೂ ನೀವಽ."

ಆ ಮಾತಿನ ನಂತರ ನಾನು ಮಾಡಿದ ಎರಡು ಪಾಠಗಳ ವಿವರ ಇದು. ಎರಡರಲ್ಲಿ ಒಂದರಲ್ಲಿ ನಾನು ಎಡವಿದೆ. ಅದನ್ನೂ ಬರೆದಿದ್ದೇನೆ.

ಸಾಮಗ್ರಿ ಎಲ್ಲಿಂದ ಬಂತು

ಬೆಂಕಿಕಡ್ಡಿಗಳನ್ನು ಸೈಕಲ್ ವಾಲ್‌ಟ್ಯೂಬಿನ ತುಣುಕುಗಳಿಂದ ಜೋಡಿಸುವ ಉಪಾಯ ನನ್ನದಲ್ಲ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ 16 ಶಾಲೆಗಳಲ್ಲಿ ವಿಜ್ಞಾನ ಬೋಧನೆಯ ಒಂದು ಕಾರ್ಯಕ್ರಮ ಆರಂಭವಾಯಿತು. ಪ್ರಯೋಗಾಲಯವಿಲ್ಲದ ಹಳ್ಳಿಯ ಶಾಲೆಯಲ್ಲೂ ಮಕ್ಕಳು ತಾವೇ ಪ್ರಯೋಗ ಮಾಡಿ ಕಲಿಯಬೇಕು ಎಂಬುದು ಅದರ ಆಶಯ. ಕಾನ್ಪುರದ ಐಐಟಿಯಲ್ಲಿ ಓದಿ ಪುಣೆಯ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿದ್ದ ಅರವಿಂದ ಗುಪ್ತಾ 1978ರಲ್ಲಿ ರಜೆ ಹಾಕಿ ಅಲ್ಲಿಗೆ ಹೋದರು. ವಾರದ ಸಂತೆಯಲ್ಲಿ ಸಿಗುವ ಅಗ್ಗದ ವಸ್ತುಗಳನ್ನು ನೋಡುತ್ತಾ ಅವರು ಕಂಡುಕೊಂಡದ್ದು ಈ ಜೋಡಣೆ. ಮುಂದೆ ಕಸದಿಂದ ಆಟಿಕೆ ಮಾಡುವುದನ್ನೇ ಅವರು ಜೀವನದ ಕೆಲಸ ಮಾಡಿಕೊಂಡರು. 2018ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು.

ನನ್ನ ತರಗತಿಗೆ ಇದು ಪೂರ್ತಿ ಹೊಸದೂ ಆಗಿರಲಿಲ್ಲ. ಸಾಮಗ್ರಿ ತೋರಿಸಿದ ಕೂಡಲೇ ಹಿಂದಿನ ಬೆಂಚಿನ ಹುಡುಗನೊಬ್ಬ, "ನಾವು ಜೋಳದ ದಂಟಿನಾಗ ಬಂಡಿ ಮಾಡ್ತೀವಲ್ರೀ ಟೀಚರ್, ಹಂಗಽ ಐತಿ ಇದು" ಎಂದ. ದಂಟಿನ ಸಿಪ್ಪೆಯ ಸಿಬಿರು ಕಡ್ಡಿಯಾಗಿ, ಒಳಗಿನ ಬೆಂಡು ಕೀಲಾಗಿ ಮಕ್ಕಳ ಕೈಯಲ್ಲಿ ಬಂಡಿ, ನೊಗ, ಕುರ್ಚಿ ಆಗುವುದನ್ನು ನಾನೂ ಚಿಕ್ಕಂದಿನಲ್ಲಿ ನೋಡಿದ್ದೆ. ಪಾಠ ಯೋಜನೆಯ 'ಪೂರ್ವಜ್ಞಾನ' ಎಂಬ ಕಲಮಿನಲ್ಲಿ ನಾನು 'ತ್ರಿಭುಜ, ಚತುರ್ಭುಜಗಳ ಹೆಸರು ಬಲ್ಲರು' ಎಂದಷ್ಟೇ ಬರೆದಿದ್ದೆ. ಅಲ್ಲಿ ಜೋಳದ ದಂಟಿನ ಬಂಡಿಯನ್ನೂ ಬರೆಯಬೇಕಿತ್ತು.

ಸಿದ್ಧತೆ

1. ಬೆಂಕಿಕಡ್ಡಿಯ ಮದ್ದನ್ನು ಹಿಂದಿನ ದಿನವೇ ನೀರಿನಲ್ಲಿ ನೆನೆಸಿ, ಕೆರೆದು ತೆಗೆದು, ಕಡ್ಡಿಗಳನ್ನು ಒಣಗಿಸಿಕೊಳ್ಳಬೇಕು. ಇದು ಶಿಕ್ಷಕರೇ ಮಾಡಬೇಕಾದ ಕೆಲಸ. ಮದ್ದಿರುವ ಕಡ್ಡಿಯಾಗಲಿ ಖಾಲಿ ಪೊಟ್ಟಣವಾಗಲಿ ತರಗತಿಗೆ ಬರಬಾರದು. ನಾನು ಕಡ್ಡಿಗಳನ್ನೆಲ್ಲ 4 ಸೆಂ.ಮೀ. ಉದ್ದಕ್ಕೆ ಸಮ ಮಾಡಿಕೊಂಡೆ.

2. ವಾಲ್‌ಟ್ಯೂಬ್ ಎಂದರೆ ಹಳೆಯ ಮಾದರಿಯ ಸೈಕಲ್ ವಾಲ್‌ಗೆ ಹಾಕುವ ತೆಳ್ಳಗಿನ ರಬ್ಬರ್ ನಳಿಗೆ. ಪಂಕ್ಚರ್ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು 2 ಸೆಂ.ಮೀ. ತುಣುಕುಗಳಾಗಿ ಕತ್ತರಿಸಿದೆ.

3. ಎರಡರ ಕೀಲು: ತುಣುಕಿನ ಎರಡೂ ತುದಿಯಿಂದ ಒಂದೊಂದು ಕಡ್ಡಿಯನ್ನು ಅರ್ಧ ಸೆಂ.ಮೀ.ನಷ್ಟು ತೂರಿಸುವುದು. ನಡುವೆ 1 ಸೆಂ.ಮೀ. ರಬ್ಬರ್ ಖಾಲಿ ಉಳಿಯುತ್ತದೆ. ಅದು ಬೇಕಾದ ಕೋನಕ್ಕೆ ಬಾಗುತ್ತದೆ.

4. ಮೂರರ ಕೀಲು: ಎರಡರ ಕೀಲಿನ ನಡುಮಧ್ಯಕ್ಕೆ ಜಾಲಿ ಮುಳ್ಳಿನಿಂದ ತೂತು ಮಾಡಿ, ತುದಿ ಚೂಪು ಮಾಡಿದ ಮೂರನೆಯ ಕಡ್ಡಿಯನ್ನು ತೂರಿಸುವುದು. ಟ್ಯೂಬನ್ನು ಬೆರಳಿನ ಮೇಲಿಟ್ಟು ಚುಚ್ಚದೆ ಹಳೆಯ ಚಪ್ಪಲಿಯ ಅಟ್ಟೆಯ ಮೇಲಿಟ್ಟು ಚುಚ್ಚಬೇಕು.

5. ನಾಲ್ಕರ ಕೀಲು: ಒಂದು ತುಣುಕಿನ ನಡುವೆ ತೂತು ಮಾಡಿ, ಅದರೊಳಗೆ ಇನ್ನೊಂದು ತುಣುಕನ್ನು ಅಡ್ಡಲಾಗಿ ಎಳೆದು ಕೂಡಿಸುವುದು. ಇದಕ್ಕೆ ಕೈ ಪಳಗಬೇಕು. ಇವನ್ನು ನಾನೇ ಮಾಡಿಕೊಂಡು ಹೋಗಿದ್ದೆ.

ಮೊದಲ ಪಾಠ: ಅಲ್ಲಾಡುವುದು, ಅಲ್ಲಾಡದಿರುವುದು

ನಾಲ್ಕು ಮಕ್ಕಳಿಗೊಂದು ಗುಂಪು. ಪ್ರತಿ ಗುಂಪಿಗೆ ಕಡ್ಡಿ ಮತ್ತು ಕೀಲು ಕೊಟ್ಟು ಮೂರು, ನಾಲ್ಕು, ಐದು, ಆರು ಕಡ್ಡಿಗಳ ಬಹುಭುಜಾಕೃತಿ ಮಾಡಲು ಹೇಳಿದೆ. ಹೆಸರು ಹೇಳಲಿಲ್ಲ, ವ್ಯಾಖ್ಯೆ ಬರೆಸಲಿಲ್ಲ. ಕೇಳಿದ್ದು ಇಷ್ಟೇ: "ಬೆಂಚಿನ ಮೇಲಿಟ್ಟು ಮೂಲೆ ಹಿಡಿದು ಒತ್ತಿ ನೋಡಿ. ಏನಾಗುತ್ತದೆ?"

"ಮೂರು ಕಡ್ಡಿದು ಗಟ್ಟಿ ಐತ್ರಿ. ನಾಕು ಕಡ್ಡಿದು ಡೊಂಕಾಗತೈತ್ರಿ."

"ಐದರದು, ಆರರದು ಇನ್ನೂ ಅಲ್ಲಾಡತಾವ್ರಿ."

ಒಂದು ಗುಂಪು ತ್ರಿಭುಜವನ್ನು ಎತ್ತಿ ಹಿಡಿದು ತಿರುಚಿ, "ಇದೂ ಅಲ್ಲಾಡತೈತ್ರಿ ಟೀಚರ್" ಎಂದಿತು. ಅವರು ಹೇಳಿದ್ದು ಸುಳ್ಳಲ್ಲ, ರಬ್ಬರ್ ತಿರುಚಿಕೊಳ್ಳುತ್ತದೆ. ನಾವು ನೋಡುತ್ತಿರುವುದು ಸಮತಲದಲ್ಲಿ ಆಕಾರ ಬದಲಾಗುತ್ತದೆಯೇ ಎಂಬುದನ್ನು ಎಂದು ಹೇಳಿ ಮತ್ತೆ ಬೆಂಚಿನ ಮೇಲಿಡಿಸಿದೆ. ಮೊದಲೇ ಹೇಳಿದ್ದರೆ ಗೊಂದಲ ಇರುತ್ತಿರಲಿಲ್ಲ.

ಈಗ ಹಳೆಯ ಪ್ರಶ್ನೆಯನ್ನು ಮತ್ತೆ ಕೇಳಿದೆ: ನಾಲ್ಕು ಬಾಹು ಕೊಟ್ಟರೆ ಎಷ್ಟು ಚತುರ್ಭುಜ? ಯಾರೂ 'ಒಂದು' ಎನ್ನಲಿಲ್ಲ. ಒಬ್ಬಳು ಚೌಕವನ್ನು ನಿಧಾನವಾಗಿ ಒತ್ತುತ್ತಾ, "ಎಲ್ಲಿ ನಿಲ್ಲಿಸಿದ್ರ ಅಲ್ಲಿ ಒಂದೊಂದ್ರಿ" ಎಂದಳು. ನನ್ನ ಜರಿ ಹಚ್ಚಿದ ಮಾದರಿಗಳು ಹೇಳಲಾರದ ಮಾತನ್ನು ನಾಲ್ಕು ಕಡ್ಡಿ ಹೇಳಿತ್ತು.

ಮುಂದಿನ ಪ್ರಶ್ನೆ: "ಅಲ್ಲಾಡದಂತೆ ಮಾಡಲು ಏನು ಮಾಡುತ್ತೀರಿ?" ಎರಡು ಗುಂಪುಗಳು ತಾವಾಗಿಯೇ ಮೂಲೆಯಿಂದ ಮೂಲೆಗೆ ಓರೆಯಾಗಿ ಕಡ್ಡಿ ಇಟ್ಟು ತೋರಿಸಿದವು. ಆದರೆ ಬೆಂಕಿಕಡ್ಡಿ ಸಾಲಲಿಲ್ಲ. ಅದಕ್ಕಾಗಿ ನಾನು ಕಸಬರಿಗೆ ಕಡ್ಡಿಗಳನ್ನು ಕತ್ತರಿಸಿ ಇಟ್ಟುಕೊಂಡಿದ್ದೆ.

ನಾನು ಎಡವಿದ್ದು

ಕರ್ಣದ ಉದ್ದವನ್ನು ಪೈಥಾಗೊರಸ್ ಪ್ರಮೇಯದಿಂದ ಲೆಕ್ಕ ಹಾಕಿದ್ದೆ. ಬಾಹು 4 ಸೆಂ.ಮೀ., ಕರ್ಣ 32ರ ವರ್ಗಮೂಲ, ಅಂದರೆ ಸುಮಾರು 5.7 ಸೆಂ.ಮೀ. ಅದೇ ಅಳತೆಯ ಕಡ್ಡಿಗಳನ್ನು ಎಲ್ಲ ಗುಂಪುಗಳಿಗೂ ಹಂಚಿದೆ.

ಯಾರದೂ ಚೌಕ ಆಗಲಿಲ್ಲ. ಎಲ್ಲರದೂ ಅದುಮಿದಂತೆ ವಜ್ರಾಕೃತಿ ಆಯಿತು. ನಾನು ಗುಂಪಿನಿಂದ ಗುಂಪಿಗೆ ಹೋಗಿ "ಸರಿಯಾಗಿ ತೂರಿಸಿಲ್ಲ, ಬಿಚ್ಚಿ ಮತ್ತೆ ಮಾಡಿ" ಎಂದೆ. ಮೂರನೆಯ ಗುಂಪಿನ ಹುಡುಗಿಯೊಬ್ಬಳು ಎರಡು ಸಲ ಬಿಚ್ಚಿ ಮಾಡಿದಳು. ಎರಡನೆಯ ಸಲವೂ ಹಾಗೆಯೇ ಆದಾಗ ಪುಸ್ತಕದ ಮೂಲೆಯನ್ನು ಒಳಗಿಟ್ಟು, "ಮೂಲಿ ಕೂಡವಲ್ದ್ರಿ ಟೀಚರ್, ಕಡ್ಡೀನಽ ಗಿಡ್ಡ ಐತ್ರಿ" ಎಂದಳು. "ಕಡ್ಡಿ ಲೆಕ್ಕ ಹಾಕಿಯೇ ಕತ್ತರಿಸಿದ್ದು" ಎಂದುಬಿಟ್ಟೆ. ಆಕೆ ಮತ್ತೆ ಮಾತಾಡಲಿಲ್ಲ. ಬೆಲ್ ಆಯಿತು. ಆ ಗುಂಪಿನ ದಾಖಲೆ ಹಾಳೆಯ ಮೇಲೆ ನಾನು ಕೆಂಪು ಪೆನ್ನಿನಲ್ಲಿ 'ಜೋಡಣೆ ಸರಿಯಿಲ್ಲ' ಎಂದು ಬರೆದೆ.

ಅಂದು ರಾತ್ರಿ ಹಾಸ್ಟೆಲಿನಲ್ಲಿ ನಾನೇ ಜೋಡಿಸಿ ನೋಡಿದೆ. ನನ್ನದೂ ವಜ್ರಾಕೃತಿಯೇ ಆಯಿತು. ಕೋನಮಾಪಕ ಇಟ್ಟರೆ ಎರಡು ಕೋನಗಳು 70 ಡಿಗ್ರಿಯ ಆಸುಪಾಸು. ಆಗ ಸ್ಕೇಲು ತೆಗೆದು ಕಡ್ಡಿಯನ್ನಲ್ಲ, ಮೂಲೆಯಿಂದ ಮೂಲೆಗೆ ಅಳೆದೆ. ಬಾಹು 4 ಅಲ್ಲ, 5 ಸೆಂ.ಮೀ. ಎರಡೂ ಕಡೆಯ ಕೀಲಿನಲ್ಲಿ ಅರ್ಧರ್ಧ ಸೆಂ.ಮೀ. ರಬ್ಬರ್ ಸೇರಿತ್ತು. ಓರೆ ಕಡ್ಡಿಯೋ ನಡುವಿನ ತೂತಿನಿಂದ ನೇರ ಮೂಲೆಗೇ ಬಂದು ಕೂಡುತ್ತದೆ. ಹಾಗಾದರೆ ಬೇಕಾದದ್ದು 50ರ ವರ್ಗಮೂಲ, ಸುಮಾರು 7.1 ಸೆಂ.ಮೀ. ಪೈಥಾಗೊರಸ್ ಪ್ರಮೇಯದಲ್ಲಿ ತಪ್ಪಿರಲಿಲ್ಲ. ಬಾಹು ಯಾವುದು ಎಂದು ನೋಡದೆ ಲೆಕ್ಕ ಹಾಕಿದ ನನ್ನಲ್ಲಿ ತಪ್ಪಿತ್ತು. ಹುಡುಗಿ ಹೇಳಿದ್ದು ಅಕ್ಷರಶಃ ಸರಿ: ಕಡ್ಡಿ ಗಿಡ್ಡ.

ಸುಮ್ಮನೆ ಸರಿಯಾದ ಅಳತೆಯ ಕಡ್ಡಿ ಒಯ್ದು ಮುಂದಿನ ಪಾಠ ಮಾಡಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಆ ಯೋಚನೆ ಬಂತು. ವೀಕ್ಷಣೆಗೆ ನಮ್ಮ ಕಾಲೇಜಿನ ಉಪನ್ಯಾಸಕರು ಬರುವ ದಿನ ಅದು. ಆದರೆ ಆ ಹಾಳೆಯ ಮೇಲಿನ ಕೆಂಪು ಅಕ್ಷರ ಹಾಗೆಯೇ ಉಳಿದರೆ ಆ ಹುಡುಗಿ ಕಲಿಯುವುದು ಒಂದೇ: ಕಣ್ಣಿಗೆ ಕಂಡದ್ದಕ್ಕಿಂತ ಟೀಚರ್ ಹೇಳಿದ್ದು ದೊಡ್ಡದು. ಕೈಯಿಂದ ಮಾಡಿಸುವ ಪಾಠದಲ್ಲಿ ಇದಕ್ಕಿಂತ ಕೆಟ್ಟ ಫಲಿತಾಂಶ ಇರಲಾರದು.

ಎರಡನೆಯ ಪಾಠ

ಮರುದಿನ ಪಾಠವನ್ನು ಅಲ್ಲಿಂದಲೇ ಆರಂಭಿಸಿದೆ. "ನಿನ್ನೆ ಕಡ್ಡಿ ಗಿಡ್ಡ ಎಂದವರು ಸರಿ, ಲೆಕ್ಕ ತಪ್ಪಿದ್ದು ನನ್ನದು. ಎಲ್ಲಿ ತಪ್ಪಿತು, ನೀವೇ ಹುಡುಕಿ" ಎಂದು ಸ್ಕೇಲು ಕೊಟ್ಟೆ. ಕೆಲವರು ಕಡ್ಡಿ ಅಳೆದರು, ಕೆಲವರು ಟ್ಯೂಬ್ ಅಳೆದರು. ಹತ್ತು ನಿಮಿಷದಲ್ಲಿ ಮೂರು ಗುಂಪು 5 ಸೆಂ.ಮೀ.ಗೆ ಬಂದವು. ಮೊದಲು ಹೇಳಿದವಳು ಆ ಹುಡುಗಿಯಲ್ಲ. ಆಕೆ ಕಸಬರಿಗೆ ಕಡ್ಡಿಯನ್ನು ಅಳತೆಯಿಲ್ಲದೆಯೇ ಚೌಕದ ಮೇಲಿಟ್ಟು, ಪುಸ್ತಕದ ಮೂಲೆ ಕೂಡುವವರೆಗೆ ಸರಿಸಿ, ಉಗುರಿನಿಂದ ಗುರುತು ಮಾಡಿ ಮುರಿದಿದ್ದಳು. ಅಳೆದಾಗ 7ಕ್ಕೆ ತುಸು ಹೆಚ್ಚು. ಕಪ್ಪುಹಲಗೆಯ ಮೇಲಿನ ಲೆಕ್ಕ, ಆಕೆಯ ಉಗುರಿನ ಗುರುತು ಎರಡೂ ಒಂದೇ ಜಾಗಕ್ಕೆ ಬಂದಾಗ ತರಗತಿಯಲ್ಲಿ ಆದ ಗದ್ದಲವನ್ನು ನಾನು ತಡೆಯಲಿಲ್ಲ.

ಓರೆ ಕಡ್ಡಿ ಕೂತ ಮೇಲೆ ಚೌಕ ಅಲ್ಲಾಡಲಿಲ್ಲ, ಏಕೆಂದರೆ ಅದೀಗ ಎರಡು ತ್ರಿಭುಜ. ಚತುರ್ಭುಜ ರಚಿಸಲು ನಾಲ್ಕು ಬಾಹುಗಳ ಜೊತೆಗೆ ಒಂದು ಕರ್ಣವೂ ಏಕೆ ಬೇಕು, ಅಂದರೆ ಐದು ಅಳತೆ ಏಕೆ ಎಂಬುದನ್ನು ನಾನು ವಿವರಿಸಬೇಕಾಗಲೇ ಇಲ್ಲ. ಪಂಚಭುಜಕ್ಕೆ 2 ಓರೆ ಕಡ್ಡಿ, ಷಡ್ಭುಜಕ್ಕೆ 3 ಎಂದು ಮಕ್ಕಳೇ ಕಂಡುಕೊಂಡರು. ಬಾಹುಗಳ ಸಂಖ್ಯೆಯಿಂದ 3 ಕಳೆದರೆ ಓರೆ ಕಡ್ಡಿಗಳ ಸಂಖ್ಯೆ ಎಂಬ ನಿಯಮ ಅವರ ಪಟ್ಟಿಯಿಂದಲೇ ಬಂತು.

ವಿಸ್ತರಣೆಗೆ ಘನಾಕೃತಿ ಇಟ್ಟುಕೊಂಡಿದ್ದೆ. ಅರ್ಧ ಗುಂಪುಗಳಿಗೆ 12 ಕಡ್ಡಿ, ಮೂರರ ಕೀಲು 8. ಉಳಿದವರಿಗೆ ಅಷ್ಟೇ 12 ಕಡ್ಡಿ, ನಾಲ್ಕರ ಕೀಲು 6. ಮೊದಲಿನವರದು ಘನ, ಅದು ನಿಲ್ಲಿಸಿದರೆ ಕುಸಿಯಿತು. ಎರಡನೆಯವರದು ಅಷ್ಟಮುಖಿ, ಅದು ಬೆಂಚಿನ ಮೇಲೆ ನೆಟ್ಟಗೆ ಕೂತಿತು. ಕಡ್ಡಿ ಎರಡಕ್ಕೂ ಅಷ್ಟೇ, ಒಂದು ನಿಲ್ಲುತ್ತದೆ, ಇನ್ನೊಂದು ಬೀಳುತ್ತದೆ, ಏಕೆ? ಮುಖಗಳನ್ನು ಎಣಿಸಿದಾಗ ಉತ್ತರ ಸಿಕ್ಕಿತು. ಘನದ 6 ಮುಖಗಳೂ ಚೌಕ, ಅಷ್ಟಮುಖಿಯ 8 ಮುಖಗಳೂ ತ್ರಿಭುಜ. ಘನದ ಪ್ರತಿ ಮುಖಕ್ಕೂ ಒಂದೊಂದು ಕಸಬರಿಗೆ ಕಡ್ಡಿಯನ್ನು ದಾರದಿಂದ ಓರೆಯಾಗಿ ಕಟ್ಟಿದಾಗ ಅದೂ ನಿಂತಿತು. ಒಟ್ಟು 18 ಕಡ್ಡಿ.

ಮನೆಗೆಲಸ: ಊರಿನಲ್ಲಿ ಓರೆ ಕಡ್ಡಿ ಎಲ್ಲೆಲ್ಲಿದೆ, ನೋಡಿ ಬನ್ನಿ. ದನದ ಹಟ್ಟಿಯ ಬಾಗಿಲಿಗೆ ಬಡಿದ ಅಡ್ಡಪಟ್ಟಿ, ಮೊಬೈಲ್ ಟವರ್, ವಿದ್ಯುತ್ ಗೋಪುರ, ಶೆಡ್ಡಿನ ತಗಡಿನ ಕೆಳಗಿನ ಕಬ್ಬಿಣ, ಸೈಕಲ್ಲಿನ ಹಿಂಭಾಗದ ತ್ರಿಕೋನ. ಒಬ್ಬ ನಮ್ಮ ತರಗತಿಯ ಅಲ್ಲಾಡುವ ಬೆಂಚನ್ನೇ ತೋರಿಸಿ, "ಇದಕ್ಕೊಂದು ಹೊಡೀಬೇಕ್ರಿ" ಎಂದ.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಕಲಿಕೋಪಕರಣಕ್ಕೆ ನಮಗೆ ಅಂಕಗಳಿವೆ. ಅಂಕ ಬರುವುದು ಅಚ್ಚುಕಟ್ಟಿಗೆ, ಬಣ್ಣಕ್ಕೆ, ಗಾತ್ರಕ್ಕೆ. ಹಾಗಾಗಿ ನಾವು ಹೊಸ ಥರ್ಮಾಕೋಲ್ ಕೊಳ್ಳುತ್ತೇವೆ, ಪಾಠ ಮುಗಿದ ಮೇಲೆ ಅದು ಕಪಾಟಿನ ಮೇಲೆ ಧೂಳು ತಿನ್ನುತ್ತದೆ. ನಾನು ಎರಡನೆಯ ಸಲ ಒಯ್ದದ್ದರಲ್ಲಿ ನೋಡಲು ಚಂದದ್ದು ಏನೂ ಇರಲಿಲ್ಲ. ಆದರೆ ಅದನ್ನು ಮಗು ಬಿಚ್ಚಬಹುದಿತ್ತು, ಮುರಿಯಬಹುದಿತ್ತು, ತಪ್ಪಾಗಿ ಜೋಡಿಸಬಹುದಿತ್ತು. ಟೀಚರ್ ತಪ್ಪಿದ್ದಾರೆ ಎಂದು ತೋರಿಸಲೂ ಬಹುದಿತ್ತು.

ಬಳಸುವವರಿಗೆ ಮೂರು ಸೂಚನೆ. ಮಕ್ಕಳಿಗೆ ಕೊಡುವ ಮೊದಲು ಇಡೀ ಮಾದರಿಯನ್ನು ನೀವೇ ಒಮ್ಮೆ ಪೂರ್ತಿ ಮಾಡಿ ನೋಡಿ. ನಾನು ಅದೊಂದನ್ನು ಮಾಡಿದ್ದರೆ ಕೆಂಪು ಪೆನ್ನು ಎತ್ತುತ್ತಿರಲಿಲ್ಲ. ಎರಡನೆಯದು, ಒಂದೇ ಪೀರಿಯಡಿನಲ್ಲಿ ಮುಗಿಸಲು ಹೋಗಬೇಡಿ, ಕೀಲು ಕೂಡಿಸಲು ಮಕ್ಕಳ ಕೈಗೆ ಹೊತ್ತು ಬೇಕು. ಮೂರನೆಯದು, ಎಲ್ಲ ಗುಂಪುಗಳೂ ಒಂದೇ ತಪ್ಪು ಮಾಡುತ್ತಿದ್ದರೆ ಮೊದಲು ನಿಮ್ಮ ಸಾಮಗ್ರಿಯನ್ನು ಪರೀಕ್ಷಿಸಿ.

ಆ ದಾಖಲೆ ಹಾಳೆಯ ಮೇಲಿನ ಕೆಂಪು ಸಾಲನ್ನು ಹೊಡೆದುಹಾಕಿ, ಕೆಳಗೆ 'ಜೋಡಣೆ ಸರಿಯಿದೆ, ಕಡ್ಡಿ ಗಿಡ್ಡವಿತ್ತು' ಎಂದು ಬರೆದು ಸಹಿ ಮಾಡಿ ಗುಂಪಿಗೆ ಹಿಂದಿರುಗಿಸಿದೆ. ಹುಡುಗಿ ಅದನ್ನು ಓದಿ, ಮಡಚಿ, ಕಂಪಾಸ್ ಪೆಟ್ಟಿಗೆಯಲ್ಲಿಟ್ಟುಕೊಂಡಳು.